ಕೆಂಪು ಧೂಳಿನ ಊರಲ್ಲಿ ಕಾರಿಗೆ ಯಾವ ಏರ್ ಫಿಲ್ಟರ್ ಹಾಕಿಸಬೇಕು?

ಪ್ರಶ್ನೆ: ನಮ್ಮೂರು ಸಂಡೂರು ತಾಲ್ಲೂಕಿನಲ್ಲಿದೆ. 2019ರ ಡೀಸೆಲ್ ಎಸ್‌ಯುವಿ ಇಟ್ಟುಕೊಂಡಿದ್ದೇನೆ, 80 ಸಾವಿರ ಕಿ.ಮೀ. ಓಡಿದೆ. ದಿನಾ ಅದಿರು ಲಾರಿಗಳ ಹಿಂದೆಯೇ ಓಡಾಟ. ಪ್ರತಿ ಸರ್ವಿಸ್‌ಗೂ ಏರ್ ಫಿಲ್ಟರ್ ಕೆಂಪಗಾಗಿರುತ್ತದೆ. ಗ್ಯಾರೇಜಿನವರು "ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಹಾಕಿಸಿ ಸಾರ್, ಗಾಡಿ ಇರೋವರೆಗೂ ಬರುತ್ತೆ, ಮೈಲೇಜ್ ಎರಡು ಕಿಲೋಮೀಟರ್ ಜಾಸ್ತಿ ಆಗುತ್ತೆ" ಅಂತಾರೆ. ಗೆಳೆಯನೊಬ್ಬ ಎಣ್ಣೆ ಬೇಡ, ತೊಳೆದು ಹಾಕುವ ಡ್ರೈ ಫಿಲ್ಟರ್ ತಗೋ ಅಂತಾನೆ. ಮಂಗಳೂರಿನಲ್ಲಿರುವ ತಮ್ಮ ತನ್ನ ಪೆಟ್ರೋಲ್ ಕಾರಿಗೆ ನಾಲ್ಕು ವರ್ಷದಿಂದ ಎಣ್ಣೆ ಫಿಲ್ಟರ್ ಹಾಕಿದ್ದಾನೆ, ಏನೂ ಆಗಿಲ್ಲ. ನಾನು ಯಾವುದು ಹಾಕಿಸಲಿ? ಅಲ್ಲಿಯವರೆಗೆ ಈಗಿನಂತೆ ಹಳೇ ಫಿಲ್ಟರ್‌ಗೇ ವಾರಕ್ಕೊಮ್ಮೆ ಗಾಳಿ ಹೊಡೆಸಿಕೊಂಡು ಓಡಿಸಿದರೆ ಸಾಕಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಊರಿಗೆ, ನಿಮ್ಮ ಗಾಡಿಗೆ ಕಾಗದದ ಫಿಲ್ಟರೇ ಸರಿ. ಕಂಪನಿಯದ್ದು, ಅಥವಾ ಅದೇ ಅಳತೆಯ ಒಳ್ಳೆ ಬ್ರ್ಯಾಂಡಿನದ್ದು. ಬೇಗ ಬೇಗ ಬದಲಿಸಿ, ತೊಳೆಯುವ ಉಸಾಬರಿ ಬೇಡ. ವಾರಕ್ಕೊಮ್ಮೆ ಗಾಳಿ ಹೊಡೆಸುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಗ್ಯಾರೇಜಿನವರು ಹೇಳಿದ್ದರಲ್ಲೂ ನಿಮ್ಮ ಗೆಳೆಯ ಹೇಳಿದ್ದರಲ್ಲೂ ಅರ್ಧ ನಿಜ ಇದೆ. ತೊಂದರೆ ಕೊಡುವುದು ಉಳಿದರ್ಧ.

ಮೊದಲು ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆ ನೋಡಿ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 11 ಕೆ.ಜಿ. ಗಾಳಿ ಬೇಕು. ಅಂದರೆ ಹತ್ತಿರ ಹತ್ತಿರ 9 ಸಾವಿರ ಲೀಟರ್ ಗಾಳಿ. ಡೀಸೆಲ್ ಎಂಜಿನ್ ಇದಕ್ಕಿಂತಲೂ ಜಾಸ್ತಿ ಎಳೆಯುತ್ತದೆ. ಪೆಟ್ರೋಲ್ ಗಾಡಿಯಲ್ಲಿ ನೀವು ಕಾಲು ತೆಗೆದರೆ ಥ್ರಾಟಲ್ ಅನ್ನುವ ಗಾಳಿಯ ಬಾಗಿಲು ಮುಚ್ಚಿಕೊಂಡು ಗಾಳಿ ಕಡಿಮೆಯಾಗುತ್ತದೆ. ಡೀಸೆಲ್‌ನಲ್ಲಿ ಹಾಗಿಲ್ಲ, ಡೀಸೆಲ್ ಕಡಿಮೆ ಬಿದ್ದರೂ ಗಾಳಿ ಹೆಚ್ಚುಕಮ್ಮಿ ಪೂರ್ತಿ ಹೋಗುತ್ತಲೇ ಇರುತ್ತದೆ. ಮೇಲೆ ಟರ್ಬೊ, ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಚಕ್ರ, ಬೇರೆ ಎಳೆಯುತ್ತಿರುತ್ತದೆ. ಒಂದು ಟ್ಯಾಂಕ್ ಡೀಸೆಲ್ ಖಾಲಿಯಾಗುವಷ್ಟರಲ್ಲಿ ಏಳೆಂಟು ಲಕ್ಷ ಲೀಟರ್ ಗಾಳಿ ಆ ಒಂದು ಫಿಲ್ಟರ್ ಮೂಲಕ ಹಾದುಹೋಗಿರುತ್ತದೆ. ಆ ಗಾಳಿ ಅದಿರು ಲಾರಿಯ ಹಿಂದಿನ ಗಾಳಿ.

ಇನ್ನು ಆ ಧೂಳು ಎಂಥದ್ದು? ನಿಮ್ಮ ಕಡೆಯ ಕೆಂಪು ಪುಡಿಯಲ್ಲಿ ಬಹುಪಾಲು ಹೆಮಟೈಟ್, ಕಬ್ಬಿಣದ ಅದಿರು. ಮೋಸ್ ಗಡಸುತನದ ಅಳತೆಯಲ್ಲಿ ಅದು 5.5ರಿಂದ 6.5. ಜೊತೆಗೆ ರಸ್ತೆಯ ಮಣ್ಣಿನ ಕ್ವಾರ್ಟ್ಜ್ ಇರುತ್ತದೆ, ಅದು 7. ಸಾಮಾನ್ಯ ಚಾಕುವಿನ ಉಕ್ಕು 5.5ರ ಆಸುಪಾಸು. ಹಾಗಾಗಿ ಈ ಪುಡಿ ಎಂಜಿನ್ ಒಳಗೆ ಹೋದರೆ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಮತ್ತು ಪಿಸ್ಟನ್ನಿನ ರಿಂಗ್ ಎರಡನ್ನೂ ಸವೆಸುತ್ತದೆ. ಕಣ್ಣಿಗೆ ಕಾಣುವ ದಪ್ಪ ಕಣಗಳನ್ನು ಯಾವ ಫಿಲ್ಟರ್ ಆದರೂ ತಡೆಯುತ್ತದೆ, ಅದರ ಚಿಂತೆ ಬೇಡ. ನಿಜವಾದ ಶತ್ರು 5ರಿಂದ 20 ಮೈಕ್ರಾನ್ ಗಾತ್ರದ ನುಣ್ಣನೆ ಪುಡಿ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಅದಕ್ಕೆ ಹೋಲಿಸಿ ನೋಡಿ. ರಿಂಗ್ ಮತ್ತು ಬೋರ್ ನಡುವೆ ಇರುವ ಎಣ್ಣೆ ಪದರ ಕೆಲವೇ ಮೈಕ್ರಾನ್. ಅದಕ್ಕಿಂತ ಸ್ವಲ್ಪ ದೊಡ್ಡ ಕಣ ಅಲ್ಲಿ ಸಿಕ್ಕಿಕೊಂಡರೆ ಎರಡೂ ಕಡೆ ಉಜ್ಜುತ್ತದೆ. ಒಂದೇ ದಿನದಲ್ಲಿ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಗಾಡಿ ಎಣ್ಣೆ ಕುಡಿಯಲು ಶುರು ಮಾಡುತ್ತದೆ, ಹೊಗೆ ಬರುತ್ತದೆ, ಆಮೇಲೆ ಮೆಕ್ಯಾನಿಕ್ "ಬೋರ್‌ಗೆ ಬಂದಿದೆ" ಅಂತಾನೆ. ಅಷ್ಟೊತ್ತಿಗೆ ಏರ್ ಫಿಲ್ಟರ್ ಬಗ್ಗೆ ಯಾರೂ ಮಾತೇ ಎತ್ತುವುದಿಲ್ಲ.

ಈಗ ಮೂರು ಬಗೆಯನ್ನು ನೋಡೋಣ.

ಕಾಗದದ ಫಿಲ್ಟರ್ ಅಂದರೆ ರಾಳ ಹಾಕಿ ಗಟ್ಟಿ ಮಾಡಿದ ನಾರಿನ ಹಾಳೆ, ಮಡಿಕೆ ಮಡಿಕೆಯಾಗಿ ಮಡಚಿರುತ್ತಾರೆ. ತುಂಬಾ ಜನ ಇದನ್ನು ಜರಡಿ ಅಂದುಕೊಂಡಿದ್ದಾರೆ. ಜರಡಿ ಅಲ್ಲ ಇದು. ನಾರುಗಳ ನಡುವಿನ ಸಂದಿ ಕಣಕ್ಕಿಂತ ದೊಡ್ಡದೇ ಇರುತ್ತದೆ, ಆದರೆ ಗಾಳಿ ಸುತ್ತಿ ಬಳಸಿ ಹೋಗುವಾಗ ಕಣಗಳು ಅಷ್ಟು ಬೇಗ ತಿರುಗಲಾರದೆ ನಾರಿಗೆ ಬಡಿದು ಅಂಟಿಕೊಳ್ಳುತ್ತವೆ. ಸ್ವಲ್ಪ ದಿನ ಓಡಿದ ಮೇಲೆ ಹಾಳೆಯ ಮೇಲೆ ಧೂಳಿನದೇ ಒಂದು ತೆಳು ಪದರ ಕೂರುತ್ತದೆ. ಆ ಪದರವೂ ಫಿಲ್ಟರ್ ಕೆಲಸ ಮಾಡುತ್ತದೆ! ಹಾಗಾಗಿ ಹೊಚ್ಚ ಹೊಸ ಫಿಲ್ಟರ್‌ಗಿಂತ ಸ್ವಲ್ಪ ಕೊಳೆಯಾದ ಫಿಲ್ಟರ್ ಧೂಳನ್ನು ಚೆನ್ನಾಗಿ ತಡೆಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಗಾಳಿ ಹೊಡೆಸುವ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಎಣ್ಣೆ ಫಿಲ್ಟರ್ ಅಂದರೆ ತಂತಿ ಬಲೆಗಳ ನಡುವೆ ಹತ್ತಿಯ ಗಾಜ್ ಬಟ್ಟೆಯ (ಗಾಯಕ್ಕೆ ಕಟ್ಟುವಂಥ ಜಾಳು ಬಟ್ಟೆ) ಕೆಲವು ಪದರ, ಅದಕ್ಕೆ ಅಂಟು ಅಂಟಾದ ಎಣ್ಣೆ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಇದನ್ನು ಜನಪ್ರಿಯ ಮಾಡಿದ್ದು ಕೆ ಆ್ಯಂಡ್ ಎನ್ ಕಂಪನಿ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು, ಮೋಟರ್‌ಸೈಕಲ್ ರೇಸಿನವರ ನಡುವೆ ಬೆಳೆದದ್ದು. ರೇಸಿನಲ್ಲಿ ಎಂಜಿನ್ ಅನ್ನು ಆಗಾಗ ಬಿಚ್ಚಿ ಕಟ್ಟುತ್ತಾರೆ. ಅಲ್ಲಿ ಗಾಳಿ ಸಲೀಸಾಗಿ ಹೋಗುವುದು ಮುಖ್ಯ, ಎರಡು ಲಕ್ಷ ಕಿಲೋಮೀಟರ್ ಬಾಳುವುದಲ್ಲ. ನಿಮಗೆ ಬೇಕಿರುವುದು ಉಲ್ಟಾ, ಅಲ್ವಾ?

ಅಂಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಏರ್ ಫಿಲ್ಟರ್ ಪರೀಕ್ಷೆಗೆ ಐಎಸ್‌ಒ 5011 ಅನ್ನುವ ಮಾನದಂಡ ಇದೆ. ಗೊತ್ತಿರುವ ಗಾತ್ರದ ಧೂಳನ್ನು ತೂಕ ಮಾಡಿ ಬಿಟ್ಟು, ಎಷ್ಟು ಹಿಡಿಯಿತು, ಎಷ್ಟು ದಾಟಿತು, ಗಾಳಿಗೆ ಎಷ್ಟು ಅಡ್ಡಿಯಾಯಿತು ಅಂತ ಅಳೆಯುತ್ತಾರೆ. ಅಮೆರಿಕದ ಡ್ಯೂರಾಮ್ಯಾಕ್ಸ್ ಎಂಜಿನ್ನಿನ ಡೀಸೆಲ್ ಪಿಕಪ್ ಟ್ರಕ್‌ನ ಫಿಲ್ಟರ್‌ಗಳನ್ನು ಹೀಗೆ ಒಟ್ಟಿಗೆ ಪರೀಕ್ಷಿಸಿದ್ದು ಗಾಡಿಪ್ರಿಯರಲ್ಲಿ ಬಹಳ ಹೆಸರಾದ ಪರೀಕ್ಷೆ. ಅದರಲ್ಲಿ ಕಂಪನಿಯ ಕಾಗದದ ಫಿಲ್ಟರ್ 99.93 ಪರ್ಸೆಂಟ್ ಧೂಳು ತಡೆಯಿತು, ಎಣ್ಣೆ ಕಾಟನ್ 96.8 ಪರ್ಸೆಂಟ್. ನೋಡಲು ಮೂರೇ ಪರ್ಸೆಂಟ್ ವ್ಯತ್ಯಾಸ. ಆದರೆ ಎಂಜಿನ್‌ಗೆ ಲೆಕ್ಕ ತಡೆದದ್ದಲ್ಲ, ಒಳಗೆ ಹೋದದ್ದು. 100 ಗ್ರಾಂ ಧೂಳು ಬಂತು ಅಂದುಕೊಳ್ಳಿ. ಕಾಗದದಿಂದ ದಾಟಿದ್ದು ಗ್ರಾಂನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಎಣ್ಣೆ ಫಿಲ್ಟರ್‌ನಿಂದ ಮೂರು ಗ್ರಾಂಗಿಂತ ಜಾಸ್ತಿ. ಎಲ್ಲಾ ಕಾಗದದ ಫಿಲ್ಟರ್ ಇಷ್ಟು ಚೆನ್ನಾಗಿರುವುದಿಲ್ಲ, ಸಣ್ಣ ಕಾರುಗಳ ಚಪ್ಪಟೆ ಫಿಲ್ಟರ್ 99ರ ಆಸುಪಾಸಿನಲ್ಲಿರುತ್ತವೆ. ಎಣ್ಣೆಯದ್ದರಲ್ಲೂ ಇದಕ್ಕಿಂತ ಒಳ್ಳೆಯವು ಇವೆ. ಆದರೂ ದಿಕ್ಕು ಯಾವಾಗಲೂ ಇದೇ: ಗಾಳಿ ಸಲೀಸಾಗಿ ಹೋಗುವ ಕಡೆ ಧೂಳಿಗೂ ದಾರಿ ಸಲೀಸು.

ಹಾಗಾದರೆ ಪಿಕಪ್ ಮತ್ತು ಮೈಲೇಜ್? ಅದೇ ಪರೀಕ್ಷೆಯಲ್ಲಿ ಎರಡೂ ಹೊಸದಾಗಿದ್ದಾಗ ಗಾಳಿಗೆ ಆದ ಅಡ್ಡಿಯ ವ್ಯತ್ಯಾಸ ಎರಡು ಇಂಚು ನೀರಿನ ಒತ್ತಡಕ್ಕಿಂತ ಕಡಿಮೆ. ಅಂದರೆ ವಾತಾವರಣದ ಒತ್ತಡದ ಅರ್ಧ ಪರ್ಸೆಂಟೂ ಇಲ್ಲ. ಅದೂ ದೊಡ್ಡ ಎಂಜಿನ್ ಜೋರಾಗಿ ಉಸಿರಾಡುವಾಗ. ನೀವು 60ರ ಸ್ಪೀಡಿನಲ್ಲಿ ಲಾರಿ ಹಿಂದೆ ಹೋಗುವಾಗ ಈ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು.

ಮೈಲೇಜ್ ವಿಷಯದಲ್ಲಿ ಇನ್ನೂ ಗಟ್ಟಿ ಪುರಾವೆ ಇದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪೆಟ್ರೋಲ್ ಕಾರುಗಳ ಏರ್ ಫಿಲ್ಟರ್ ಅನ್ನು ಬೇಕೆಂದೇ ಕಟ್ಟಿಸಿ ಪರೀಕ್ಷೆ ಮಾಡಿತು. ಇಂಧನ ಇಂಜೆಕ್ಷನ್ ಇರುವ ಕಾರುಗಳಲ್ಲಿ ಫಿಲ್ಟರ್ ಕಟ್ಟಿದ್ದರೂ ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ, ಕಡಿಮೆಯಾದದ್ದು ಪಿಕಪ್ ಮಾತ್ರ. ಗಾಳಿ ಕಡಿಮೆ ಬಂದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲನ್ನೂ ಅಷ್ಟೇ ಕಡಿಮೆ ಬಿಡುತ್ತದೆ. ನೀವು ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಒತ್ತುತ್ತೀರಿ, ಲೆಕ್ಕ ಅಲ್ಲಿಗೆ ಸಮ. ಹಳೇ ಕಾರ್ಬುರೇಟರ್ ಗಾಡಿಯಲ್ಲಿ ಮಾತ್ರ ಸ್ವಲ್ಪ ಮೈಲೇಜ್ ವ್ಯತ್ಯಾಸ ಕಂಡಿತು. ಫಿಲ್ಟರ್ ಚೆನ್ನಾಗಿದ್ದರೆ ಮೈಲೇಜ್ ಬರುತ್ತೆ ಅನ್ನುವ ಮಾತು ಆ ಕಾಲದ್ದು. ಡೀಸೆಲ್‌ನಲ್ಲಿ ಫಿಲ್ಟರ್ ವಿಪರೀತ ಕಟ್ಟಿದರೆ ಕಪ್ಪು ಹೊಗೆ ಬಂದು ಮೈಲೇಜ್ ಬೀಳುವುದುಂಟು, ಅದಕ್ಕೆ ಪರಿಹಾರ ಹೊಸ ಕಾಗದದ ಫಿಲ್ಟರ್. ಕಾಟನ್ ಹಾಕಿದ ಮಾತ್ರಕ್ಕೆ ಲೀಟರಿಗೆ ಎರಡು ಕಿಲೋಮೀಟರ್ ಸಿಗುವುದು ಆಗದ ಮಾತು. ಕಟ್ಟಿಹೋದ ಹಳೇ ಫಿಲ್ಟರ್ ತೆಗೆದು ಕಾಟನ್ ಹಾಕಿದಾಗ ಗಾಡಿ ಹಗುರಾಯಿತು ಅನ್ನಿಸುವುದು ನಿಜ. 600 ರೂಪಾಯಿಯ ಹೊಸ ಕಾಗದ ಹಾಕಿದ್ದರೂ ಹಾಗೇ ಅನ್ನಿಸುತ್ತಿತ್ತು.

ಎಣ್ಣೆ ಫಿಲ್ಟರ್‌ಗೆ ಇನ್ನೊಂದು ತಲೆನೋವಿದೆ, ಎಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್. ಫಿಲ್ಟರ್ ದಾಟಿದ ತಕ್ಷಣ ಪೈಪಿನಲ್ಲಿ ಕೂತಿರುತ್ತದೆ, ಅದರೊಳಗೆ ಬಿಸಿಯಾದ ಒಂದು ತೆಳು ಪಟ್ಟಿ ಇರುತ್ತದೆ. ಅದು ಎಷ್ಟು ತಣ್ಣಗಾಗುತ್ತದೆ ಅನ್ನುವುದರ ಮೇಲೆ ಗಾಳಿಯ ಲೆಕ್ಕ. ಫಿಲ್ಟರ್ ತೊಳೆದು ಎಣ್ಣೆ ಜಾಸ್ತಿ ಹಾಕಿದರೆ ಆ ಎಣ್ಣೆ ಹಾರಿ ಪಟ್ಟಿ ಮೇಲೆ ಕೂರುತ್ತದೆ, ಅದರ ಮೇಲೆ ಧೂಳು. ಆಗ ಸೆನ್ಸರ್ ಸುಳ್ಳು ಹೇಳುತ್ತದೆ. ನಿಮ್ಮಂಥ ಡೀಸೆಲ್‌ನಲ್ಲಿ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ ಒಳಗೆ ಬಿಡುವ ಏರ್ಪಾಡು) ಮತ್ತು ಹೊಗೆಯ ನಿಯಂತ್ರಣ ಈ ಲೆಕ್ಕವನ್ನೇ ನಂಬಿರುತ್ತದೆ. ಸರಿಯಾಗಿ, ಅಳೆದು ಎಣ್ಣೆ ಹಾಕಿದರೆ ಹೀಗಾಗುವುದಿಲ್ಲ ಅಂತ ತಯಾರಕರು ಹೇಳುತ್ತಾರೆ, ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಹಾಗೆ ಅಳೆದು ಹಾಕುವವರು ಯಾರು? ಕೆಲಸ ಹೀಗಿದೆ: ಅದರದೇ ಕ್ಲೀನರ್ ಹಾಕಿ ಹತ್ತು ನಿಮಿಷ ಬಿಡಬೇಕು, ಒಳಗಿನಿಂದ ಹೊರಗೆ ನೀರು ಬಿಡಬೇಕು, ಪೂರ್ತಿ ಒಣಗುವವರೆಗೆ ಕಾಯಬೇಕು, ಹೀಟರ್ ಹಿಡಿಯುವಂತಿಲ್ಲ, ಆಮೇಲೆ ಪ್ರತಿ ಮಡಿಕೆಗೂ ತೆಳ್ಳಗೆ ಎಣ್ಣೆ ಎಳೆದು, ಅದು ಹರಡಿಕೊಳ್ಳುವವರೆಗೆ ಮತ್ತೆ ಕಾದು, ಬಿಳಿ ಉಳಿದ ಜಾಗಕ್ಕೆ ಮತ್ತೆ ಹಾಕಬೇಕು. ಎಣ್ಣೆ ಕಡಿಮೆಯಾದ ಜಾಗದಲ್ಲಿ ಬರೀ ಗಾಜ್ ಬಟ್ಟೆ ಉಳಿಯುತ್ತದೆ, ಧೂಳು ನೇರ ಒಳಗೆ. ಸರ್ವಿಸ್ ದಿನ ಸಾಲಾಗಿ ಗಾಡಿ ನಿಂತಿರುವಾಗ ಯಾವ ಹುಡುಗನಿಗೂ ಇಷ್ಟು ಪುರಸೊತ್ತು ಇರುವುದಿಲ್ಲ. ನಿಮ್ಮ ಕಡೆ ಧೂಳಿಗೆ ಇದನ್ನು ವರ್ಷಕ್ಕೆ ಹಲವು ಸಲ ಮಾಡಬೇಕಾಗುತ್ತದೆ. ಫಿಲ್ಟರ್ ಬಂದ ಡಬ್ಬಿ ಮೇಲೆ 80 ಸಾವಿರ ಕಿ.ಮೀ.ಗೊಮ್ಮೆ ತೊಳೆದರೆ ಸಾಕು ಅಂತಿದ್ದರೆ ಅದು ಚೊಕ್ಕ ಹೈವೇ ಲೆಕ್ಕ.

ನಿಮ್ಮ ತಮ್ಮನ ಕಾರಿಗೆ ಏನೂ ಆಗಿಲ್ಲ ಅಂದಿರಿ. ಆಗಬೇಕಾಗಿಯೂ ಇಲ್ಲ. ಮಂಗಳೂರಿನಲ್ಲಿ ನಾಲ್ಕೈದು ತಿಂಗಳು ಮಳೆ, ಉಳಿದ ದಿನವೂ ಗಾಳಿಯಲ್ಲಿ ತೇವ, ರಸ್ತೆಯ ಮಣ್ಣು ಅಷ್ಟಾಗಿ ಏಳುವುದಿಲ್ಲ. ಧೂಳೇ ಕಡಿಮೆ ಇದ್ದರೆ 97 ಪರ್ಸೆಂಟ್ ಫಿಲ್ಟರೂ ಸಾಕಾಗುತ್ತದೆ. ಅಲ್ಲಿ ಕಾಟನ್‌ಗೆ ಒಂದು ಅನುಕೂಲ ಕೂಡ ಇದೆ, ಕಾಗದ ನೀರು ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ಕಾಟನ್ ತಡೆದುಕೊಳ್ಳುತ್ತದೆ. ಅವರು ಸರಿಯಾಗಿ ತೊಳೆದು ಎಣ್ಣೆ ಹಾಕುತ್ತಿದ್ದರೆ ಅದನ್ನೇ ಮುಂದುವರಿಸಲಿ. ಅವರ ಅನುಭವ ಮಂಗಳೂರಿಗೆ ಸರಿ, ಸಂಡೂರಿಗೆ ಅಲ್ಲ.

ಡ್ರೈ ಫಿಲ್ಟರ್ ಬಗ್ಗೆ ನಿಮ್ಮ ಗೆಳೆಯನ ಮಾತು ಎಣ್ಣೆಗಿಂತ ಒಳ್ಳೆ ಸಲಹೆ. ಪಾಲಿಯೆಸ್ಟರ್‌ನಂಥ ಕೃತಕ ನಾರಿನ ಹಾಸು ಇದು, ಎಣ್ಣೆ ಬೇಡ, ಸೆನ್ಸರ್ ಭಯ ಇಲ್ಲ, ನೀರಿಗೆ ಹೆದರುವುದಿಲ್ಲ. ಎಇಎಂ, ಎಎಫ್‌ಇ ಥರದ ಕಂಪನಿಯವರು ಮಾಡುತ್ತಾರೆ. ಒಳ್ಳೆಯವು ಧೂಳು ತಡೆಯುವುದರಲ್ಲಿ ಕಾಗದದ ಹತ್ತಿರ ಬರುತ್ತವೆ. ಆದರೆ ನಿಮ್ಮ ಗಾಡಿಗೆ ಸರಿಯಾದ ಅಳತೆಯದ್ದು ಸಿಗಬೇಕು. ತೊಳೆದು ತೊಳೆದು ಅಂಚಿನ ರಬ್ಬರ್ ಗಟ್ಟಿಯಾಗುತ್ತದೆ, ಅದನ್ನು ನೋಡಿಕೊಳ್ಳಬೇಕು. ಒದ್ದೆ ಇರುವಾಗಲೇ ಹಾಕಿ ಓಡಿಸುವಂತಿಲ್ಲ, ಹಾಗಾಗಿ ಇನ್ನೊಂದು ಫಿಲ್ಟರ್ ಕೈಯಲ್ಲಿರಬೇಕು. ಯಾವ ಬ್ರ್ಯಾಂಡ್ ಆದರೂ ಐಎಸ್‌ಒ 5011 ಪ್ರಕಾರ ಎಷ್ಟು ಪರ್ಸೆಂಟ್ ಅಂತ ಬರೆದಿಲ್ಲವಾದರೆ ಬಿಡಿ, ತಗೊಳ್ಳಬೇಡಿ. ಫೋಮ್ ಫಿಲ್ಟರ್ ಬೈಕುಗಳಿಗೆ ಸರಿ, ನಿಮ್ಮ ವಿಷಯದಲ್ಲಿ ಅದರ ಮಾತು ಬೇಡ.

ಅಪ್ಪನ ಕಾಲದ ಜೀಪು, ಟ್ರ್ಯಾಕ್ಟರ್ ಎಲ್ಲಾ ಎಣ್ಣೆ ಫಿಲ್ಟರ್‌ನಲ್ಲೇ ಓಡಿದ್ದವಲ್ಲ ಅಂತ ಯಾರಾದರೂ ಕೇಳುತ್ತಾರೆ. ಅದು ಬೇರೆ. ಅದರಲ್ಲಿ ತಳದ ಬಟ್ಟಲಿನಲ್ಲಿ ಎಣ್ಣೆ ನಿಂತಿರುತ್ತದೆ, ಗಾಳಿ ಅದಕ್ಕೆ ಬಡಿದು ತಿರುಗಿ ಮೇಲೆ ಹೋಗುತ್ತದೆ. ಹೊಲದ ಮಣ್ಣಿಗೆ ಗಟ್ಟಿಮುಟ್ಟಾದ ಏರ್ಪಾಡು ಅದು. ಆದರೆ ಎಂಜಿನ್ ನಿಧಾನ ತಿರುಗುವಾಗ ಅದರ ಹಿಡಿತ ಕಡಿಮೆ, ಒಳ್ಳೆ ಕಾಗದಕ್ಕೆ ಸಾಟಿಯಲ್ಲ.

ಈಗ ಗಾಳಿ ಹೊಡೆಸುವ ವಿಷಯ. ಇದರ ಬಗ್ಗೆ ನನಗೆ ನಿಜವಾಗಿಯೂ ಆತಂಕ ಇದೆ, ಯಾಕೆಂದರೆ ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ನಳಿಕೆಯನ್ನು ಮಡಿಕೆಗೆ ಹತ್ತಿರ ಹಿಡಿದು ಜೋರಾಗಿ ಬಿಡುತ್ತಾರೆ. ಕೆಂಪು ಮೋಡ ಎದ್ದರೆ ಸ್ವಚ್ಛ ಆಯಿತು ಅನ್ನಿಸುತ್ತದೆ. ಆ ಒತ್ತಡಕ್ಕೆ ನಾರು ಸಡಿಲವಾಗುತ್ತದೆ, ಮಡಿಕೆಯ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತದೆ. ಕೊಳೆ ಇರುವ ಕಡೆಯಿಂದಲೇ ಹೊಡೆದರೆ ನುಣ್ಣನೆ ಪುಡಿ ಹಾಳೆಯ ಒಳಕ್ಕೆ ತೂರಿಕೊಳ್ಳುತ್ತದೆ. ಧೂಳು ತಡೆಯಲು ನೆರವಾಗುತ್ತಿದ್ದ ಆ ತೆಳು ಪದರವೂ ಹಾರಿಹೋಗುತ್ತದೆ. ಇದೆಲ್ಲಾ ಒಂದು ಕಡೆಯಾದರೆ, ಪ್ರತಿ ಸಲ ಫಿಲ್ಟರ್ ಕೂತಿರುವ ಡಬ್ಬಿ ತೆರೆದಾಗ ಅಂಚಿನ ಮೇಲೆ ಕೂತಿದ್ದ ಧೂಳು ಒಳಗಿನ ಸ್ವಚ್ಛ ಭಾಗಕ್ಕೆ ಉದುರುತ್ತದೆ, ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ ಅದು ನೇರ ಟರ್ಬೊಗೆ. ಟರ್ಬೊದ ಗಾಳಿ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, ಆ ವೇಗದಲ್ಲಿ ಅದಿರಿನ ಪುಡಿ ಅದರ ಅಂಚನ್ನು ತಿನ್ನುತ್ತದೆ. ತೀರಾ ಬೇಕೇಬೇಕು ಅಂದರೆ ಫಿಲ್ಟರ್ ಹೊರಗೆ ತೆಗೆದು ನೆಲಕ್ಕೆ ಮೆಲ್ಲಗೆ ತಟ್ಟಿ ಮೇಲಿನ ಮಣ್ಣು ಉದುರಿಸಿ, ಅಷ್ಟು ಸಾಕು.

ಯಾವ ಫಿಲ್ಟರ್ ಅನ್ನುವುದಕ್ಕಿಂತಲೂ ದೊಡ್ಡ ವಿಷಯ ಒಂದಿದೆ. ಫಿಲ್ಟರ್ ಸರಿಯಾಗಿ ಕೂತಿದೆಯಾ? ಹೊಸಪೇಟೆ ಕಡೆಯ ಒಂದು ಗಾಡಿಯ ಡಬ್ಬಿ ತೆರೆದು ನೋಡಿದ್ದೆ. ಫಿಲ್ಟರ್ ಹೊಸದು, ಮೇಲ್ಭಾಗ ಚೆನ್ನಾಗಿತ್ತು. ತೆಗೆದು ನೋಡಿದರೆ ಸ್ವಚ್ಛ ಭಾಗದ ಒಂದು ಮೂಲೆಯಿಂದ ಪೈಪಿನ ಬಾಯಿಯವರೆಗೆ ಬೆರಳಗಲದ ಕೆಂಪು ಗೆರೆ, ಗಾಳಿ ಹೋದ ದಾರಿಯಲ್ಲೇ ಬಾಲದ ಥರ ಬಾಗಿ ಬಿದ್ದಿತ್ತು. ಆ ಮೂಲೆಯ ಕ್ಲಿಪ್ ಮುರಿದಿತ್ತು, ರಬ್ಬರ್ ಅಂಚು ಎರಡು ಮಿಲಿಮೀಟರಿನಷ್ಟು ಎದ್ದಿತ್ತು. ಅಷ್ಟು ಸಂದಿ ಸಾಕು, 99.9 ಪರ್ಸೆಂಟ್ ಫಿಲ್ಟರ್ ಕೂಡ ದಂಡ. ಗಾಳಿ ಯಾವಾಗಲೂ ಸುಲಭದ ದಾರಿ ಹುಡುಕುತ್ತದೆ.

ಹಾಗಾಗಿ ಈ ವಾರವೇ ಒಂದು ಕೆಲಸ ಮಾಡಿ. ಎಂಜಿನ್ ತಣ್ಣಗಿರುವಾಗ ಡಬ್ಬಿ ತೆರೆದು, ಫಿಲ್ಟರ್ ಎತ್ತಿ, ಎಂಜಿನ್ ಕಡೆಗೆ ಹೋಗುವ ಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ. ಪೈಪಿನ ಒಳಗೂ ಬೆರಳು ಹೋಗುವಷ್ಟು ಒರೆಸಿ, ಸೆನ್ಸರ್ ಮುಟ್ಟಬೇಡಿ. ಬಟ್ಟೆ ಬೆಳ್ಳಗಿದ್ದರೆ ನೆಮ್ಮದಿಯಾಗಿರಿ. ಕೆಂಪಾದರೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು: ಅಂಚಿನ ರಬ್ಬರ್, ಕ್ಲಿಪ್, ಡಬ್ಬಿಯ ಬಿರುಕು, ಟರ್ಬೊಗೆ ಹೋಗುವ ಪೈಪಿನ ಕ್ಲಾಂಪ್. ಹೊಸ ಫಿಲ್ಟರ್ ಹಾಕುವ ಮೊದಲು ಆ ಭಾಗವನ್ನೆಲ್ಲಾ ಒದ್ದೆ ಬಟ್ಟೆಯಿಂದ ಒರೆಸಿಬಿಡಿ.

ಬದಲಿಸುವ ಲೆಕ್ಕ ಹೇಳಬೇಕೆಂದರೆ, ಕಂಪನಿ ಪುಸ್ತಕದಲ್ಲಿ 20, 30, 40 ಸಾವಿರ ಹೀಗೆ ಏನೇ ಇರಲಿ, ಧೂಳಿನ ರಸ್ತೆಗೆ ಬೇಗ ಬದಲಿಸಿ ಅಂತ ಅದರಲ್ಲೇ ಬರೆದಿರುತ್ತದೆ. ನಿಮ್ಮ ಓಡಾಟಕ್ಕೆ ಸರ್ವಿಸ್‌ಗೆ ಒಂದು, ಅಂದರೆ 10 ಸಾವಿರ ಕಿ.ಮೀ.ಗೆ ಒಂದು ಅಂತ ಇಟ್ಟುಕೊಳ್ಳಿ. ದುಡ್ಡಿನ ಲೆಕ್ಕ ಹಾಕಿದರೂ ನಷ್ಟ ಇಲ್ಲ. ನಿಮ್ಮ ಥರದ ಗಾಡಿಗೆ ಕಾಗದದ್ದು ಹೆಚ್ಚುಕಮ್ಮಿ 500ರಿಂದ 1,000 ರೂಪಾಯಿ. ಆಮದು ಕಾಟನ್ ಫಿಲ್ಟರ್ ಮತ್ತು ಅದರ ಕ್ಲೀನಿಂಗ್ ಕಿಟ್ ಸೇರಿ ಏಳೆಂಟು ಸಾವಿರ ದಾಟುತ್ತದೆ. ಆ ದುಡ್ಡಿಗೆ ಕಾಗದದಲ್ಲೇ ಲಕ್ಷ ಕಿಲೋಮೀಟರ್ ಹತ್ತಿರ ಓಡಿಸಬಹುದು. ಬಾಷ್, ಮಾನ್, ಪ್ಯುರೊಲೇಟರ್, ಎಲೊಫಿಕ್ ಇವುಗಳಲ್ಲಿ ಯಾವುದಾದರೂ ಆದೀತು, ಬಿಲ್ ಕೊಡುವ ಅಂಗಡಿಯಲ್ಲಿ ತಗೊಳ್ಳಿ. ಮಡಿಕೆಗಳು ಸಮವಾಗಿವೆಯಾ, ರಬ್ಬರ್ ಅಂಚು ಎಲ್ಲಾ ಕಡೆ ಒಂದೇ ದಪ್ಪ ಇದೆಯಾ ನೋಡಿ. ಹಳೆಯದರ ಪಕ್ಕ ಇಟ್ಟು ಮಡಿಕೆ ಎಣಿಸಿ. ಡುಪ್ಲಿಕೇಟ್ ಮಾಲಿನಲ್ಲಿ ಕಾಗದ ಉಳಿಸಲು ಮಡಿಕೆ ಕಡಿಮೆ ಮಾಡಿರುತ್ತಾರೆ.

80 ಸಾವಿರ ಆಗಿದೆ ಅಂದಿರಿ, ಇಲ್ಲಿಯವರೆಗೆ ವಾರ ವಾರ ಗಾಳಿ ಹೊಡೆಸಿದ್ದರಿಂದ ಏನಾದರೂ ಆಗಿದೆಯಾ ಅನ್ನುವ ಅನುಮಾನ ಇದ್ದರೆ ಮುಂದಿನ ಸಲ ಎಂಜಿನ್ ಆಯಿಲ್ ಬದಲಿಸುವಾಗ ಬಿಸಿ ಎಣ್ಣೆಯ ಸ್ವಲ್ಪ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಕೊಡಿ. ಲಾರಿ, ಜೆಸಿಬಿ ಇಟ್ಟವರು ಇದನ್ನು ಮಾಡಿಸುತ್ತಾರೆ, ನಿಮ್ಮ ಕಡೆ ಗಣಿ ಯಂತ್ರ ನೋಡಿಕೊಳ್ಳುವವರನ್ನು ಕೇಳಿದರೆ ದಾರಿ ಹೇಳುತ್ತಾರೆ. ರಿಪೋರ್ಟಿನಲ್ಲಿ ಸಿಲಿಕಾನ್ ಜಾಸ್ತಿ ಇದ್ದರೆ ಮಣ್ಣು ಒಳಗೆ ಹೋಗಿದೆ ಅಂತ ಲೆಕ್ಕ, ಇತ್ತೀಚೆಗೆ ಗ್ಯಾಸ್ಕೆಟ್ ಪೇಸ್ಟ್ ಹಚ್ಚಿದ್ದರೆ ಅದರಿಂದಲೂ ಬರಬಹುದು. ಸಾಮಾನ್ಯವಾಗಿ ಕಬ್ಬಿಣದ ಅಂಕಿ ನೋಡಿ ಸವೆತ ಹೇಳುತ್ತಾರೆ, ಆದರೆ ನಿಮ್ಮೂರಿನ ಧೂಳೇ ಕಬ್ಬಿಣ. ಆದ್ದರಿಂದ ಅದೊಂದನ್ನೇ ನಂಬಬೇಡಿ, ಕ್ರೋಮಿಯಂ ಮತ್ತು ಅಲ್ಯೂಮಿನಿಯಂ ಕೂಡ ಏರಿದೆಯಾ ನೋಡಿ. ರಿಂಗ್, ಪಿಸ್ಟನ್ ಸವೆಯುತ್ತಿದ್ದರೆ ಅವೆರಡೂ ಜೊತೆಗೆ ಏರುತ್ತವೆ. ರಿಪೋರ್ಟ್ ಬಂದ ಮೇಲೆ ಅಂಕಿಗಳನ್ನು ಬರೆದು ಕಳಿಸಿ, ಆ ಎಣ್ಣೆ ಎಷ್ಟು ಕಿ.ಮೀ. ಓಡಿತ್ತು ಅನ್ನುವುದನ್ನೂ ಸೇರಿಸಿ.